ಹಗ್ಗದ ಶಾಲೆಯ ದುರಸ್ತಿ

ಫಸಲಿ ೧೩೩೨ನೆಯ ವರ್ಷ. ಇಂಗ್ಲಿಷ್ ಲೆಕ್ಕ ಬೇಕಾದವರು ೧೯೨೩ ಎಂದು ಓದಿಕೊಳ್ಳಬೇಕು. ನನಗಾಗ ಇಪ್ಪತ್ತೊಂಬತ್ತು ತುಂಬಿ ಮೂವತ್ತು ನಡೆಯುತ್ತಿತ್ತು. ‘ಸುಮಾರು ಮೂವತ್ತು’ ಎಂದು ಬರೆದು ಒಂದು ಸಾಲು ಉಳಿಸಬಹುದಿತ್ತು. ಆದರೆ ‘ಸುಮಾರು’ ಎಂಬ ಶಬ್ದವನ್ನು ನಾನು ಮಾಸ್ತರಿಕೆ ಮಾಡಿದಷ್ಟು ಕಾಲ ಯಾವ ಹುಡುಗನ ಪಾಟಿಯ ಮೇಲೂ ಉಳಿಯಗೊಟ್ಟವನಲ್ಲ. ಆ ವರ್ಷ ಔರಾದದಲ್ಲಿ, ಹಾಡಹಗಲಿನಲ್ಲಿ, ನನ್ನ ಸೋದರಮಾವ ಗೋಡೆಗೆ ಹಣೆ ಬಡಿದುಕೊಂಡು “ಅಯ್ಯಯ್ಯಪ್ಪಾ!” ಎಂದು ನೆಲಕ್ಕೆ ಕುಳಿತದ್ದನ್ನು ನಾನು ಕಣ್ಣಾರೆ ಕಂಡೆ. ಗೋಡೆಗೆ ಹಣೆ ಬಡಿದುಕೊಳ್ಳುವುದರಲ್ಲಿ ಏನು ವಿಶೇಷ ಎಂದು ಕೇಳುತ್ತೀರಾ? ವಿಶೇಷವಿದೆ. ಆ ಗೋಡೆಯನ್ನು ಇನ್ನೂ ಕಟ್ಟಿರಲಿಲ್ಲ!

ಅಲ್ಲಿದ್ದದ್ದು ಮೊಳಕಾಲೆತ್ತರದ ಗೂಟಗಳು ಮತ್ತು ಗೂಟದಿಂದ ಗೂಟಕ್ಕೆ ಬಿಗಿದ ಪುಂಡಿನಾರಿನ ಹಗ್ಗ. ಹಗ್ಗ ತಗಲಿದ್ದು ಅವರ ಮೊಳಕಾಲಿಗೆ. ಅವರು ಹಿಡಿದುಕೊಂಡದ್ದು ಹಣೆಯನ್ನು!

ನಾನು ಓಡಿಹೋದೆ. “ಮಾಮಾ, ಏನಾಯ್ತು?”

“ಕಾಣಸಂಗಿಲ್ಲೇನು? ಗ್ವಾಡಿ ಬಡೀತು.”

“ಎಲ್ಲಿ ಅದ ಗ್ವಾಡಿ?”

“ಅದಕ್ಕ ಅಂತೇನಿ, ಸಾಲಿ ಮಾಸ್ತರಗ ನೆಲಾ ನೋಡಿ ನಡಿಯೂದು ಗೊತ್ತಿಲ್ಲ ಅಂತ. ನೀ ಈಗ ಗ್ವಾಡಿ ಮ್ಯಾಲೇ ಹತ್ತಿ ನಿಂತೀದಿ. ಇಳಿ ಮೊದಲ!”

ನಾಚಿಕೆಯ ಸಂಗತಿಯೆಂದರೆ, ನಾನು ಇಳಿದೆ.

ನನ್ನ ಮಾವ ದಾರೋಗಾ ಆಗಿದ್ದರು. ಹೆದರಬೇಡಿ, ಪೊಲೀಸ್ ದಾರೋಗಾ ಅಲ್ಲ. ಸರಕಾರದ ಕಟ್ಟಡ ಕೆಲಸಗಳ ಮೇಲುಸ್ತುವಾರಿಯ ದಾರೋಗಾ. ಬೀದರಿನ ಕಚೇರಿಯಿಂದ ಮಂಜೂರಿಯಾಗಿ ಬಂದ ಶಾಲೆ, ದವಾಖಾನೆ, ಮುಸಾಫರಖಾನೆ, ಬಾವಿಕಟ್ಟೆಗಳನ್ನು ನಕಾಶೆಯಂತೆ ಕಟ್ಟಿಸುವುದು ಅವರ ನೌಕರಿ. ಉಳಿದ ದಾರೋಗಾಗಳು ಗುತ್ತೇದಾರನಿಗೆ ನಕಾಶೆ ಕೊಟ್ಟು, ಮರದ ನೆರಳಿನಲ್ಲಿ ಹುಕ್ಕಾ ಹಚ್ಚಿ ಕುಳಿತರೆ ಕಟ್ಟಡ ತಾನಾಗಿ ಏಳುತ್ತಿತ್ತು. ನಮ್ಮ ಮಾವನ ಪದ್ಧತಿಯೇ ಬೇರೆ. ಪ್ರತಿಯೊಂದು ಕಟ್ಟಡವನ್ನೂ ಮೊದಲು ಬಳಸಬೇಕು, ಆಮೇಲೆ ಕಟ್ಟಬೇಕು ಎಂಬುದು ಅವರ ಸಿದ್ಧಾಂತ! ಮಗುವಿಗೆ ಮೊದಲು ಮದುವೆ ಮಾಡಿ ಆಮೇಲೆ ಹೆರಬೇಕು ಎಂದಂತೆ ಇದು ಎಂದು ನಾನೊಮ್ಮೆ ಹೇಳಿದ್ದಕ್ಕೆ, “ಅಂಗಿ ಹೊಲಿಯೂಕಿನ್ನ ಮೊದಲ ಶಿಂಪಿಗ ಮೈ ಅಳತಿ ತೋರಸ್ತೀಯೋ ಇಲ್ಲೋ?” ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಅಳತೆಯೊಂದೇ ಅಲ್ಲ, ಸಾಮಾನಿನ ಪರೀಕ್ಷೆಯಲ್ಲಿಯೂ ಅವರದು ಸ್ವಂತ ಶಾಸ್ತ್ರ. ಗುತ್ತೇದಾರ ಗಾಡಿಯ ತುಂಬ ಸುಣ್ಣ ತಂದಿಳಿಸಿದನೆಂದರೆ ಮಾವ ಅದರಿಂದ ಒಂದು ಚಿಟಿಕೆ ತೆಗೆದು, ತಮ್ಮ ಕೈಯಾರೆ ಎಲೆಗೆ ಸವರಿ, ಅಡಿಕೆ ಇಟ್ಟು ಮಡಚಿ, ಬಹಳ ವಿನಯದಿಂದ ಗುತ್ತೇದಾರನಿಗೇ ನೀಡುತ್ತಿದ್ದರು.

“ತೊಗೋರಿ ಸಾಹುಕಾರ್ರ, ಬಿಸಲಾಗ ಬಂದೀರಿ.”

“ಬ್ಯಾಡ್ರಿ ದಾರೋಗಾ ಸಾಹೇಬ್ರ, ಈಗ ಹಾಕ್ಕೊಂಡೀನಿ.”

“ನನ್ನ ಕೈಯಾಗಿಂದು ಒಲ್ಲೆ ಅಂತೀರೇನು?”

ಒಲ್ಲೆ ಎನ್ನುವ ಧೈರ್ಯ ಯಾರಿಗೆ? ಗುತ್ತೇದಾರ ಅಗಿಯುತ್ತಿದ್ದ, ಮಾವ ಅವನ ಮುಖವನ್ನೇ ನೋಡುತ್ತಿದ್ದರು. ಅವನು ನೆಮ್ಮದಿಯಿಂದ ಅಗಿದರೆ ಸುಣ್ಣದಲ್ಲಿ ಮಣ್ಣು ಬೆರೆತಿದೆ ಎಂದರ್ಥ, ಗಾಡಿ ವಾಪಸ್ಸು. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂದರೆ ಸುಣ್ಣ ಅಸಲಿ, ಗಾಡಿ ಒಳಕ್ಕೆ! ಗುತ್ತೇದಾರ ಅಳುತ್ತ ಹೋಗುವುದನ್ನು ಕಂಡರೆ ನಮ್ಮ ಊರಿನವರು “ಕಟ್ಟಡ ಗಟ್ಟಿ ಆತು ಬಿಡ್ರಿ” ಎಂದು ಸಂತೋಷಪಡುತ್ತಿದ್ದರು.

ಹಗ್ಗದ ಪದ್ಧತಿ ಮೊದಲು ಪ್ರಕಟವಾದದ್ದು ಭಾಲ್ಕಿಯ ಮುಸಾಫರಖಾನೆಯಲ್ಲಿ, ಎಂದರೆ ಪ್ರಯಾಣಿಕರ ಛತ್ರದಲ್ಲಿ. ಬಯಲಿನಲ್ಲಿ ಗೂಟ ಹೊಡೆದು, ಹಗ್ಗ ಬಿಗಿದು, ಇದು ಅಡಿಗೆ ಕೋಲಿ, ಇದು ಮಲಗುವ ಕೋಲಿ, ಇದು ಪಡಸಾಲೆ ಎಂದು ಗುರುತು ಮಾಡಿ, ಮಾವ ತಮ್ಮ ಹಾಸಿಗೆ ಪೆಟ್ಟಿಗೆಗಳೊಂದಿಗೆ ಅಲ್ಲಿ ಬಿಡಾರ ಹೂಡಿದರು. ಸಂತೆಗೆ ಬಂದ ಪರವೂರಿನವರನ್ನು ಕರೆಕರೆದು ಒಳಗೆ ಇಳಿಸಿಕೊಂಡರು. ಪಡಸಾಲೆಯಿಂದ ಮಲಗುವ ಕೋಲಿಗೆ ನೇರವಾಗಿ ಹಗ್ಗ ದಾಟಿದ ಒಬ್ಬ ಎಣ್ಣೆ ವ್ಯಾಪಾರಿಯನ್ನು “ಏನ್ರಿ, ಗ್ವಾಡ್ಯಾಗಿಂದ ಬರ್ತೀರಲ್ಲ, ದೆವ್ವಾ ಏನು ನೀವು?” ಎಂದು ಗದರಿಸಿ, ವಾಪಸ್ಸು ಕಳಿಸಿ, ಬಾಗಿಲಿನಿಂದ ಬರುವಂತೆ ಮಾಡಿದರು. ಹೀಗೆ ಕೆಲವು ದಿನ ಕಳೆದ ಮೇಲೆ, ಅಡಿಗೆಯ ಹೊಗೆಯೆಲ್ಲ ಗಾಳಿಯ ಜೊತೆಗೆ ಮಲಗುವವರ ಮೂಗಿಗೇ ಬರುತ್ತದೆಂಬುದು ಪತ್ತೆಯಾಯಿತು. ಹಗ್ಗ ಬಿಚ್ಚಿ ಅಡಿಗೆ ಕೋಲಿಯನ್ನು ಆ ಕಡೆಯ ತುದಿಗೆ ಒಯ್ದರು. ಕಲ್ಲು ಬಿಚ್ಚಬೇಕಾಗಿದ್ದರೆ ಗುತ್ತೇದಾರ ಸುಣ್ಣವಿಲ್ಲದೆಯೇ ಅಳುತ್ತಿದ್ದ.

ಇದೇ ಪದ್ಧತಿ ಜನವಾಡದಲ್ಲಿ ಮಾತ್ರ ಕೈಕೊಟ್ಟಿತು ಎಂಬುದನ್ನು ನಿಷ್ಪಕ್ಷಪಾತದ ಸಲುವಾಗಿ ಬರೆಯಲೇಬೇಕು. ಅಲ್ಲಿ ಅವರು ಕಟ್ಟಿಸಬೇಕಾಗಿದ್ದದ್ದು ಬೀಡಾಡಿ ದನಗಳನ್ನು ಕೂಡಿಹಾಕುವ ಕೊಂಡವಾಡ. ಮಾವ ಯಥಾಪ್ರಕಾರ ಹಗ್ಗ ಬಿಗಿದು ಎಮ್ಮೆಗಳನ್ನು ಒಳಗೆ ಬಿಟ್ಟರು. ಎಮ್ಮೆಗಳು ಒಳಬಂದ ವೇಗದಲ್ಲಿಯೇ ಹಗ್ಗ, ಗೂಟಗಳ ಸಮೇತ ಹೊರಗೆ ಹೋದವು. ಮಾವ ಎದೆಗುಂದಲಿಲ್ಲ.

“ಎಮ್ಮಿಗೋಳಿಗೆ ತಲಿ ಇಲ್ಲ ಅಳಿಯಾ. ಗ್ವಾಡಿ ಅಂದ್ರ ಗ್ವಾಡಿ ಅಂತ ತಿಳಿಯೂದು ಮನಶ್ಯಾಗಷ್ಟ,” ಎಂದರು.

ಇಂಥ ಮಾವ ಔರಾದಕ್ಕೆ ನನ್ನದೇ ಶಾಲೆಯ ಕಟ್ಟಡದ ಕೆಲಸಕ್ಕೆಂದು ಬಂದಾಗ ನನಗಾದದ್ದು ಸಂತೋಷವೋ ಭಯವೋ? ಎರಡನ್ನೂ ಸೂಚಿಸುವ ಶಬ್ದ ನಿಘಂಟಿನಲ್ಲಿ ಸಿಗಲಿಲ್ಲ. ನಮ್ಮ ಶಾಲೆ ಆಗ ನಡೆಯುತ್ತಿದ್ದದ್ದು ಒಬ್ಬ ಧಾನ್ಯವ್ಯಾಪಾರಿಯ ಉಗ್ರಾಣದಲ್ಲಿ. ಜೋಳದ ಸುಗ್ಗಿ ಬಂದಾಗ ಚೀಲಗಳು ಒಳಗೆ, ಹುಡುಗರು ಹೊರಗೆ; ಜೋಳ ಮಾರಿದ ಮೇಲೆ ಹುಡುಗರು ಒಳಗೆ, ಜೊತೆಗೆ ಇಲಿಗಳು. ವಿದ್ಯಾಖಾತೆಯ ತನಿಖೆಯವರು ಕಡೆಯ ಮಾತು ಹೇಳಿಹೋಗಿದ್ದರು: ಬರುವ ಮಳೆಗಾಲದೊಳಗೆ ಸ್ವಂತ ಕಟ್ಟಡ ಮುಗಿಯಬೇಕು, ಆಮೇಲೆ ಪಾಸಾಗಬೇಕು, ಇಲ್ಲವಾದರೆ ಶಾಲೆಯನ್ನು ಜನವಾಡಕ್ಕೆ ಎತ್ತಲಾಗುವುದು. ನನಗೇನೋ ವರ್ಗವಾಗುತ್ತಿತ್ತು, ನಮ್ಮ ಹುಡುಗರಿಗೆ ವರ್ಗವಾಗುವುದುಂಟೇ? ಜನವಾಡದವರೆಗೆ ನಡೆದು ಹೋಗಿ ಕನ್ನಡ ಕಲಿಯುವಷ್ಟು ದೊಡ್ಡ ಕಾಲು ಅವರಾರಿಗೂ ಇರಲಿಲ್ಲ.

“ಮಾಮಾ, ಈ ಸಲ ಹಗ್ಗಾ ಬ್ಯಾಡ್ರಿ. ಸೀದಾ ಪಾಯಾ ತೆಗಸ್ರಿ,” ಎಂದು ನಾನು ಕೈಮುಗಿದೆ.

“ನಾಳಿಂದ ಹುಡುಗ್ರನ್ನ ಕರಕೊಂಡು ಹೊಸಾ ಸಾಲಿಗೆ ಬಾ.”

“ಹೊಸಾ ಸಾಲಿ ಎಲ್ಲದ?”

“ಬಾವಿ ಬಾಜೂಕ ಅದ. ಬಾಗಲಾ ಮೂಡಣಕ್ಕ. ಕಾಲು ತೊಳಕೊಂಡು ಬಾ, ಹೊಸಾ ಫರಸಿ ಹೊಲಸ ಆಗ್ತದ.”

ಇಲ್ಲದ ಕಟ್ಟಡದ ಬಗ್ಗೆ ಅವರು ಸದಾ ವರ್ತಮಾನಕಾಲದಲ್ಲಿಯೇ ಮಾತನಾಡುತ್ತಿದ್ದರು. ನಾನು ಎಷ್ಟು ಬಾರಿ ಭವಿಷ್ಯತ್ಕಾಲಕ್ಕೆ ತಿದ್ದಿದರೂ ಪ್ರಯೋಜನವಾಗಲಿಲ್ಲ.

ಫಸಲಿಯ ಬಹಮನ್ ತಿಂಗಳ, ಅಂದರೆ ಚಳಿಗಾಲದ, ಎಳೆಬಿಸಿಲಿನಲ್ಲಿ ಬಾವಿಯ ಪಕ್ಕದ ಬಯಲಿಗೆ ನಮ್ಮ ಪಾಟಿ, ಪುಸ್ತಕ, ಕರಿಹಲಗೆಗಳು ಹೊರಟವು. ಹುಡುಗರಿಗೆ ಈ ಶಾಲೆ ಹಿಡಿಸಿದ್ದು ನೋಡಿ ನಾನು ದಂಗಾದೆ! ಗೂಟಗಳ ನಡುವಿನ ಬಾಗಿಲಿನಿಂದಲೇ ಬರುತ್ತಿದ್ದರು, ಬಾಗಿಲಿನಿಂದಲೇ ಹೋಗುತ್ತಿದ್ದರು. ಒಬ್ಬ ಹುಡುಗ ಹಗ್ಗ ದಾಟಿದರೆ ಉಳಿದವರು, “ಮಾಸ್ತರ್ರೀ, ಇಂವ ಗ್ವಾಡಿ ಕೆಡವ್ಯಾನ್ರೀ!” ಎಂದು ದೂರು ಹೇಳುತ್ತಿದ್ದರು. ಒಂದು ಆಡು ಬಂದು ಕರಿಹಲಗೆಯ ಮುಂದೆ ನಿಂತಾಗ ಇಡೀ ತರಗತಿ ಪಾಠ ಬಿಟ್ಟು, ಅದು ಯಾವ ಕಿಟಕಿಯಿಂದ ಬಂದಿರಬಹುದೆಂದು ಚರ್ಚಿಸಿತು. ಮಾವ ಒಂದು ಮೂಲೆಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಮಧ್ಯಾಹ್ನದ ಬಿಸಿಲು ಕರಿಹಲಗೆಯ ಮೇಲೆ ಬಿದ್ದು ಅಕ್ಷರ ಕಾಣದಾದಾಗ ಹಲಗೆಯ ಗೋಡೆಯನ್ನು ಬದಲಿಸಿದರು. ಹುಡುಗರು ನೀರಿಗೆಂದು ಎದ್ದು ನುಗ್ಗುವ ಕಡೆ ಬಾಗಿಲನ್ನು ಅಗಲ ಮಾಡಿದರು. ಒಂದು ಗೂಟ ಕಿತ್ತು ಇನ್ನೊಂದು ಕಡೆ ಹೊಡೆದರೆ ಮುಗಿಯಿತು. ನನಗೂ ಒಳಗೊಳಗೆ ಈ ಪದ್ಧತಿಯ ಬಗ್ಗೆ ಗೌರವ ಹುಟ್ಟತೊಡಗಿತ್ತು. ಹೊರಗೆ ತೋರಿಸುವ ಅಪಾಯವನ್ನು ತೆಗೆದುಕೊಳ್ಳಲಿಲ್ಲ.

ಗೌರವ ತೋರಿಸದವರು ನಮ್ಮ ಅತ್ತೆ. ಬಗದಲದ ಒಕ್ಕಲುತನದ ಮನೆಯಿಂದ ಬಂದವರು. ದಿನಾಲು ಮಧ್ಯಾಹ್ನ ಮಾವನಿಗೆ ರೊಟ್ಟಿಯ ಬುತ್ತಿ ತಂದುಕೊಟ್ಟು, ಅವರು ಉಂಡ ಮೇಲೆ ಬುತ್ತಿಯ ಅರಿವೆ ತೆಗೆದುಕೊಂಡು, ಬಾವಿಯಿಂದ ನೀರು ಹೊತ್ತು ಮನೆಗೆ ಹೋಗುವುದು ಅವರ ಪದ್ಧತಿ.

“ತಮ್ಮಾ, ನಿಮ್ಮ ಮಾಮಾಗ ಕೇಳು,” ಎನ್ನುತ್ತಿದ್ದರು ನನಗೆ, ಮಾವನಿಗೆ ಕೇಳಿಸುವಷ್ಟು ಗಟ್ಟಿಯಾಗಿ. “ನಮ್ಮ ಬಾಡಗಿ ಮನಿ ಸೋರ್ತದ. ಅದಕ್ಕೂ ಒಂದು ಹಗ್ಗಾ ಕಟ್ಟಿ ಬಿಡು ಅನ್ನು.”

“ಆಕಿಗೆ ಹೇಳು,” ಎನ್ನುತ್ತಿದ್ದರು ಮಾವ ರೊಟ್ಟಿ ಮುರಿಯುತ್ತ, “ಹೇಳಿದ್ದು ಗ್ವಾಡಿ ಆಚಿಗಿಂದ ನನಗ ಕೇಳಸಂಗಿಲ್ಲ ಅಂತ.”

ಊರಿನ ಜನವೂ ಆ ಬಯಲಿಗೆ ‘ಹೊಸಾ ಸಾಲಿ’ ಎಂದೇ ಕರೆಯತೊಡಗಿದರು. ಅನರ್ಥ ನಡೆದದ್ದು ಇಲ್ಲಿಯೇ.

ಮೇಲಿನ ಕಚೇರಿಯ ಪೇಶ್ಕಾರರೊಬ್ಬರು, ಅಂದರೆ ಕಾಗದಪತ್ರ ನೋಡುವ ಹಿರಿಯ ಗುಮಾಸ್ತರು, ಕೆಲಸಗಳ ಪ್ರಗತಿ ಬರೆದುಕೊಳ್ಳಲು ಚಕ್ಕಡಿಯಲ್ಲಿ ಬಂದರು. ಅವರಿಗೆ ಮೊಳಕಾಲು ನೋವು. ಊರ ಅಗಸಿಯಲ್ಲಿ ಚಕ್ಕಡಿ ನಿಲ್ಲಿಸಿದರೇ ಹೊರತು ಇಳಿಯಲಿಲ್ಲ. ಅಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರನ್ನೇ ವಿಚಾರಿಸಿದರು. ಅವರು ಒಂದಕ್ಷರ ಸುಳ್ಳು ಹೇಳಲಿಲ್ಲ ಎಂಬುದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

“ಸಾಲಿ ಎಲ್ಲಿ ನಡೀತದ?”

“ಹೊಸಾ ಸಾಲ್ಯಾಗರೀ.”

“ಹುಡುಗರು ಕೂಡಲಾಕ ಹತ್ತ್ಯಾರೇನು?”

“ದಿನಾ ಕೂಡ್ತಾರ್ರೀ.”

“ಗಾಳಿ ಬೆಳಕು ಹ್ಯಾಂಗ ಅದ?”

“ಅದಂತೂ ಕೇಳಬ್ಯಾಡ್ರಿ! ಅಂಥಾ ಗಾಳಿ ಬೆಳಕು ಇಡೀ ಜಿಲ್ಲಾದಾಗ ಸಿಗಂಗಿಲ್ಲ!”

“ಸೋರ್ತದೇನು?”

“ಮಳಿಗಾಲ ಇನ್ನಾ ಬಂದಿಲ್ಲಲ್ರೀ. ಬಂದ ಮ್ಯಾಲ ನೋಡಬೇಕು.”

ಪೇಶ್ಕಾರರು ತೃಪ್ತರಾಗಿ ಚಕ್ಕಡಿ ತಿರುಗಿಸಿದರು. ಮುಂದಿನ ತಿಂಗಳಾದ ಇಸ್ಫಂದಾರಿನಲ್ಲಿ ಬೀದರಿನಿಂದ ಹುಕುಮು ಬಂತು: ಔರಾದದ ಶಾಲಾ ಕಟ್ಟಡ ಮುಗಿದು ಬಳಕೆಗೆ ಬಂದಿರುವುದು ಸಂತೋಷದ ವಿಷಯ, ಅಂದಾಜಿಗಿಂತ ಬೇಗ ಮುಗಿಸಿದ ದಾರೋಗಾನಿಗೆ ಶಾಬಾಸ್, ಇನ್ನು ಆ ಕೆಲಸಕ್ಕೆ ಮಂಜೂರಿಯ ಅವಶ್ಯಕತೆ ಇಲ್ಲವಾದ್ದರಿಂದ ಕೆಲಸವನ್ನು ಬಂದ್ ಮಾಡಲಾಗಿದೆ.

ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಮಾವ ಹುಕುಮನ್ನು ಮತ್ತೊಮ್ಮೆ ಓದಿ, ಮೀಸೆಯ ಮೇಲೆ ಕೈಯಾಡಿಸಿದರು.

“ಶಾಬಾಸ್ ಅಂತ ಬರದಾರಲ್ಲೋ!”

“ಮಾಮಾ! ಮಳಿಗಾಲದಾಗ ಹುಡುಗ್ರು ಎಲ್ಲಿ ಕೂಡಬೇಕು? ಸಾಲಿ ಜನವಾಡಕ್ಕ ಹೋಗ್ತದ!”

“ಹೋಗಂಗಿಲ್ಲ. ಕಟ್ಟಡಾ ಇಲ್ಲೇ ಅದ, ಸಾಲಿ ಹ್ಯಾಂಗ ಹೋಗ್ತದ? ದೊಡ್ಡ ಸಾಹೇಬ್ರಿಗೇ ಬಂದು ನೋಡ್ರಿ ಅಂತ ಬರೀತೇನಿ.”

ದೊಡ್ಡ ಸಾಹೇಬರೆಂದರೆ ಕಟ್ಟಡ ಖಾತೆಯ ಜಿಲ್ಲೆಯ ಮುಖ್ಯಸ್ಥರು. ‘ಮೊಹತಮಿಮ್ ಸಾಹೇಬರು’ ಎಂದು ನಾವು ಕರೆಯುತ್ತಿದ್ದದ್ದು. ಕರಿ ಶೇರವಾನಿ, ಕೆಂಪು ರೂಮಿ ಟೋಪಿ, ಮಿತವಾದ ಮಾತಿನ ಗೃಹಸ್ಥರು. ಅವರು ಪೇಶ್ಕಾರರೊಂದಿಗೆ ಟಾಂಗಾದಿಂದ ಇಳಿದು ಬಾವಿಯ ಪಕ್ಕದ ಬಯಲನ್ನು ನೋಡಿದರು. ಬಯಲಿನಾಚೆ ನೋಡಿದರು. ಹಿಂದೆ ತಿರುಗಿ ನೋಡಿದರು. ಪೇಶ್ಕಾರರು ಮಾತ್ರ ನೆಲವನ್ನೇ ನೋಡುತ್ತಿದ್ದರು.

“ದಾರೋಗಾ, ಇಮಾರತು ಎಲ್ಲದ?”

“ಹುಜೂರ್ ಇಮಾರತಿನ ಮುಂದೇ ನಿಂತೀರಿ. ಒಳಗ ಬರ್ರಿ. ಬಾಗಲಾ ಈ ಕಡಿ ಅದ. ಟೋಪಿ ಜ್ವಾಕಿ!”

ಅಧಿಕಾರಿಯಾದವರು ಸಿಟ್ಟಿಗೇಳಬೇಕಾದ ಗಳಿಗೆ ಅದು. ಆದರೆ ಅಷ್ಟು ಆದರದಿಂದ ಎಚ್ಚರಿಸಿದರೆ ಯಾರು ತಾನೆ ಏನು ಮಾಡಿಯಾರು? ಸಾಹೇಬರ ಕೈ ತಾನಾಗಿ ಟೋಪಿಗೆ ಹೋಯಿತು. ಅವರು ತಲೆ ಬಗ್ಗಿಸಿ ಒಳಗೆ ಬಂದರು! ಹುಡುಗರೆಲ್ಲ ಎದ್ದು ಸಲಾಮು ಮಾಡಿದರು. ಪೇಶ್ಕಾರರು ಗಾಬರಿಯಲ್ಲಿ ಹಗ್ಗ ದಾಟಿ ಬರಹೋದಾಗ, “ಗ್ವಾಡಿ, ಗ್ವಾಡಿ!” ಎಂದು ತರಗತಿಗೆ ತರಗತಿಯೇ ಕೂಗಿತು. ಅವರು ನೋವಿನ ಮೊಳಕಾಲನ್ನು ಎಳೆಯುತ್ತ ಸುತ್ತುಹಾಕಿ ಬಾಗಿಲಿನಿಂದ ಬಂದರು.

ನಾನು ಕುರ್ಚಿ ಕೊಟ್ಟೆ. ಸಾಹೇಬರು ಕುಳಿತು, ತಲೆಯೆತ್ತಿ ಆಕಾಶ ನೋಡಿ, ನಿಟ್ಟುಸಿರು ಬಿಟ್ಟರು.

“ಈ ಇಮಾರತು ಮುಗಿದದ ಅಂತ ನನ್ನ ಸಹಿ ಆಗ್ಯದ. ನನ್ನ ಮ್ಯಾಲಿನವರದೂ ಆಗ್ಯದ. ಇನ್ನ ನಾ ಇಲ್ಲಿ ಇಮಾರತೇ ಇಲ್ಲ ಅಂತ ಹ್ಯಾಂಗ ಬರೀಲಿ?”

“ಇಲ್ಲ ಅಂತ ಯಾಕ ಬರೀತೀರಿ ಹುಜೂರ್? ದುರಸ್ತಿ ಅದ ಅಂತ ಬರೀರಿ.”

“ಯಾತರದು ದುರಸ್ತಿ?”

“ಛಾವಣಿದು. ಪೂರಾ ಹೋಗ್ಯದ, ಹುಜೂರ್ ಈಗ ನೋಡಿದ್ರಲ್ಲ?”

ಸಾಹೇಬರು ಇನ್ನೊಮ್ಮೆ ಆಕಾಶ ನೋಡಿದರು. “ಹೌದು. ಭಾಳ ಖರಾಬ್ ಆಗ್ಯದ.”

“ಗ್ವಾಡಿ ತಳದಿಂದ ಏಳಸಬೇಕಾಗ್ಯದರಿ. ಪಾಯಾ ಎಲ್ಲಿ ಕುಸದದ ಅಂತ ಹುಡುಕಿದ್ರೂ ಕಾಣಸವಲ್ದು. ಬಾಗಲಾ ಕಿಟಕಿ ಎಲ್ಲಾ ಹೊಸಾವು ಬೇಕಾಗ್ತಾವ.”

“ಮತ್ತ ಉಳದದ್ದು ಏನು?”

“ಹಗ್ಗಾ ಗಟ್ಟಿ ಅದಾವ್ರಿ.”

ಆ ಮಿತಭಾಷಿ ಸಾಹೇಬರು ನಕ್ಕದ್ದನ್ನು ನಾನು ನೋಡಿದೆ. ಶೇರವಾನಿಯ ಗುಂಡಿಗಳು ಅಲುಗಾಡಿದವು. ಔರಾದದ ಶಾಲಾ ಕಟ್ಟಡಕ್ಕೆ ‘ದೊಡ್ಡ ದುರಸ್ತಿ’ ಮಂಜೂರಾಯಿತು. ಕಟ್ಟುವ ಮೊದಲೇ ದುರಸ್ತಿಗೆ ಬಂದ ಕಟ್ಟಡ ಪ್ರಪಂಚದಲ್ಲಿ ಬೇರೆಲ್ಲಾದರೂ ಇದ್ದರೆ ಓದುಗರು ತಿಳಿಸಬೇಕು! ಹೊರಡುವಾಗ ಸಾಹೇಬರು ಒಂದು ಎಚ್ಚರಿಕೆಯನ್ನೂ ಕೊಟ್ಟರು. ದುರಸ್ತಿಯೆಂದರೆ ಮೊದಲಿದ್ದಂತೆಯೇ ಮಾಡುವುದು. ಹೊಸದಾಗಿ ಏನನ್ನಾದರೂ ಸೇರಿಸಿದರೆ ಅದು ದುರಸ್ತಿಯಾಗುವುದಿಲ್ಲ, ಕಟ್ಟಡ ಪಾಸಾಗುವುದಿಲ್ಲ.

ನಾವು ತರಗತಿಯನ್ನು ಪಕ್ಕದ ಬೇವಿನ ಮರದಡಿಗೆ ಸರಿಸಿದೆವು. ಬೀದರಿನ ಕಡೆಯಿಂದ ಕೆಂಪು ಕಲ್ಲಿನ ಗಾಡಿಗಳು ಬಂದವು, ಗುತ್ತೇದಾರ ಕ್ರಮಪ್ರಕಾರ ಅತ್ತ, ಗಾರೆಯ ಘಾಣಿ ತಿರುಗಿತು, ಗೌಂಡಿಗಳು ಗೋಡೆ ಏರಿಸಿದರು. ಬೇಸಗೆ ಮುಗಿಯುತ್ತ ಬಂದಂತೆ ಉಳಿದ ಗೋಡೆಗಳು ತಲೆಯ ಮೇಲಕ್ಕೆ ಹೋದವು. ಬಾವಿಯ ಕಡೆಯ ಗೋಡೆ ಮಾತ್ರ ಮೊಳಕಾಲೆತ್ತರದಲ್ಲಿ ನಿಂತುಬಿಟ್ಟಿತು. ಮಾವ ಏರಿಸಗೊಡಲಿಲ್ಲ.

ಗೌಂಡಿಗಳ ಹಿರಿಯ ಬಂದು ತಲೆ ಕೆರೆದುಕೊಂಡ. “ದಾರೋಗಾ ಸಾಹೇಬ್ರ, ಮಿರಗದ ಮಳಿ ಹತ್ತರ ಬಂತು. ಈ ಬಾಜೂಕ ಕಲ್ಲು ಇಡ್ಲೇನ್ರಿ?”

“ತಡಿ.”

“ನಕಾಶಾದಾಗ ಕಿಟಕಿ ಎದಿ ಮಟ ಅದರೀ.”

“ತಡಿ ಅಂದೆ.”

ನನ್ನ ಸಹನೆ ಮುಗಿಯಿತು. ಮಧ್ಯಾಹ್ನದ ಹೊತ್ತು, ಮಾವ ಬೇವಿನ ಬೊಡ್ಡೆಗೆ ಒರಗಿ ರೊಟ್ಟಿ ತಿನ್ನುತ್ತಿದ್ದರು. ಎಂಥ ತಿನ್ನುವಿಕೆ! ಒಂದು ತುಣುಕು ಮುರಿಯುವುದು, ಅದನ್ನು ತಿರುಗಿಸಿ ನೋಡುವುದು, ಪುಂಡಿಪಲ್ಯೆಗೆ ಮುಟ್ಟಿಸುವುದು, ಮತ್ತೆ ನೋಡುವುದು. ಅವರಿಗೆ ಹಲ್ಲು ಸಡಿಲಾಗಿವೆಯೆಂದು ನಾನು ಬಹಳ ದಿನಗಳಿಂದ ತಿಳಿದಿದ್ದೆ.

“ಮಾಮಾ, ಮಳಿ ಬಂದ್ರ ಎಲ್ಲಾ ಮುಗೀತು. ಸಾಲಿ ಹೋಗ್ತದ. ಆ ಗ್ವಾಡಿ ಏರಸೂಕ ನಿಮಗ ಅಡ್ಡ ಬಂದದ್ದರ ಏನು?”

ಅವರು ಬಾವಿಯ ಕಡೆಗೆ ಗದ್ದದಿಂದ ಸನ್ನೆ ಮಾಡಿದರು. ನಾನು ತಿರುಗಿ ನೋಡಿದೆ. ಅತ್ತೆ, ತುಂಬಿದ ಕೊಡವನ್ನು ಸೊಂಟದಲ್ಲಿಟ್ಟುಕೊಂಡು, ಬೇವಿನ ಮರದಿಂದ ಸ್ವಲ್ಪ ದೂರದಲ್ಲಿ ನಿಂತಿದ್ದರು. ಹುಡುಗರು ನಾನು ಹೇಳಿಕೊಟ್ಟ ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದರು. ಅತ್ತೆಯ ತುಟಿಗಳು ಅಲುಗುತ್ತಿದ್ದವು. ಅವರ ಹಿಂದೆ ಇನ್ನೂ ಕೆಲವರು ಹೆಣ್ಣುಮಕ್ಕಳು, ನೀರಿಗೆ ಬಂದವರು, ಹಾಗೆಯೇ ನಿಂತಿದ್ದರು.

“ಬುತ್ತಿ ಅರಿವಿಗೆ ಕಾಯ್ತಾರಲ್ಲ ಅತ್ತಿ? ಲಗೂನ ಉಂಡು ಕೊಟ್ಟು ಕಳಸ್ರಿ.”

“ಹುಚ್ಚ ಇದ್ದೀ,” ಎಂದರು ಮಾವ. ದನಿ ಎಂದಿನಂತಿರಲಿಲ್ಲ. “ನಾ ಲಗೂನ ಉಂಡ್ರ ಆಕಿ ಲಗೂನ ಹೋಗಬೇಕಾಗ್ತದ. ಅದಕ್ಕ ನಾ ಹಿಂಗ ಉಣ್ಣಲಿಕ್ಕ ಹತ್ತೀನಿ.”

ನಾನು ಮತ್ತೆ ಅತ್ತೆಯ ಕಡೆಗೆ ನೋಡಿದೆ.

“ಹಗ್ಗದ ಸಾಲ್ಯಾಗಿಂದ ನಡದದ ಇದು. ಆಕಿ ಒಂದಿನಾನೂ ನನ್ನ ಮುಂದ, ನನಗ ಓದೂದು ಬೇಕು ಅಂತ ಬಾಯಿ ತೆಗದಾಕಿ ಅಲ್ಲ. ತೆಗದ್ರೂ ನಾ ಏನು ಕೊಡಾಂವ ಇದ್ದೆ? ನನಗ ಬರೂದು ಕಚೇರಿ ಉರ್ದು. ಆಕಿಗೆ ಬೇಕಾದದ್ದು ನಿನ್ನ ಕನ್ನಡಾ. ಹಗ್ಗಾ ಕಟ್ಟಿದ್ದಕ್ಕ ಆಕಿ ಎಲ್ಲಿ ನಿಂದರ್ತಾಳ ಅಂತ ನನಗ ಗೊತ್ತಾತು. ಈಗ ಹೇಳು ಮಾಸ್ತರಾ, ಗ್ವಾಡಿ ಏರಿದ್ರ ಆಕಿ ಎಲ್ಲಿ ನಿಂದರಬೇಕು?”

ಒಳಗೆ ಬಂದು ಕುಳಿತುಕೊಳ್ಳಬಹುದಲ್ಲ ಎಂದು ಈ ಕಾಲದ ಓದುಗರು ಕೇಳಬಹುದು. ಮದುವೆಯಾದ ಹೆಂಗಸು ಗಂಡುಹುಡುಗರ ಸಾಲಿನಲ್ಲಿ ಕುಳಿತರೆ ಅಂದಿನ ಔರಾದ ಏನೆನ್ನುತ್ತಿತ್ತೆಂಬುದನ್ನು ನಾನು ಬರೆಯಲಾರೆ. ನಾನು ಗೌಂಡಿಯ ಬಳಿಗೆ ಹೋಗಿ, ಮಾವ ಹೇಳಿದಂತೆ ಮಾಡು ಎಂದೆ.

ಹೀಗೆ ಬಾವಿಯ ಕಡೆಯ ಗೋಡೆಗೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಮೊಳಕಾಲೆತ್ತರದಲ್ಲಿ ಆರಂಭವಾಗುವ ಉದ್ದನೆಯ ಕಿಟಕಿ ಬಂತು. ಅದರ ಹೊರಗೆ ಗೋಡೆಗೆ ಹೊಂದಿ ಕೊಡ ಇಳಿಸಿ ಕೂಡಲು ಕಲ್ಲಿನ ಜಗಲಿ ಬಂತು. ಮೇಲೆ ಛಾವಣಿಯನ್ನು ಮುಂದಕ್ಕೆ ಚಾಚಿ ನೆರಳೂ ಬಂತು. ನಕಾಶೆಯಲ್ಲಿ ಇವು ಯಾವುವೂ ಇರಲಿಲ್ಲ. ಮಿರಗದ ಮೊದಲ ಮಳೆ ಬಿದ್ದಾಗ ಹುಡುಗರು ಸೂರಿನಡಿ ಇದ್ದರು.

ಪಾಸು ಮಾಡಲು ಮೊಹತಮಿಮ್ ಸಾಹೇಬರು ಬಂದರು. ಈ ಸಲ ಪೇಶ್ಕಾರರು ಬಾಗಿಲಿನಿಂದಲೇ ಬಂದರು. ಸಾಹೇಬರು ಗೋಡೆ ತಟ್ಟಿದರು, ಫರಸಿಯ ಮೇಲೆ ನಡೆದರು, ಛಾವಣಿ ನೋಡಿ ತಲೆದೂಗಿದರು. ಆಮೇಲೆ ಆ ಕಿಟಕಿಯ ಮುಂದೆ ಬಂದು ನಿಂತರು.

“ಇದು ಏನು?”

ಮಾವ ಕಿಟಕಿಯ ಹತ್ತಿರಕ್ಕೆ ಸರಿದರು.

“ದಾರೋಗಾ, ನಾ ಮೊದಲೇ ಹೇಳಿದ್ದೆ. ಇದು ದುರಸ್ತಿ ಕೆಲಸ. ಹೊಸಾದು ಏನೂ ಕೂಡಸಬಾರದು. ಈ ಕಿಟಕಿ ನಕಾಶಾದಾಗ ಇಲ್ಲ. ಇದನ್ನ ಮುಚ್ಚಿ ಗ್ವಾಡಿ ಏರಸ್ರಿ, ಇಲ್ಲಾಂದ್ರ ನಾ ಪಾಸ್ ಮಾಡಲಿಕ್ಕ ಬರಂಗಿಲ್ಲ.”

ಪಾಸಾಗದಿದ್ದರೆ ಶಾಲೆ ಜನವಾಡಕ್ಕೆ. ಮುಚ್ಚಿದರೆ ಜಗಲಿ ಕುರುಡು ಗೋಡೆಗೆ. ನನ್ನ ಮಾವ ಆ ಕಿಟಕಿಯ ಕಟ್ಟೆಯನ್ನು ಅಂಗೈಯಿಂದ ಸವರುತ್ತ ನಿಂತರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು:

“ಹುಜೂರ್, ಹೊಸಾದು ಏನೂ ಕೂಡಸಿಲ್ಲ. ಮೊದಲಿನ ಇಮಾರತು ಹುಜೂರ್ ತಾವೇ ನೋಡೀರಿ. ಅದರಾಗ ಈ ಬಾಜೂಕ ಹೊರಗ ನಿಂತಾಕಿಗೆ ಒಳಗಿಂದು ಎಲ್ಲಾ ಕೇಳಸ್ತಿತ್ತು. ಇದ್ದದ್ದನ್ನ ಇದ್ದಂಗ ಉಳಿಸೀನಿ, ಅಷ್ಟ.”

ಸಾಹೇಬರು ಅವರ ಮುಖವನ್ನು ನೋಡಿದರು. ನಾನು ಹುಡುಗರ ಕಡೆ ತಿರುಗಿ ಪಾಠ ಹೇಳಿಕೊಡತೊಡಗಿದೆ. ಸಾಹೇಬರು ಹೊರಗೆ ಹೋಗಿ, ಕಟ್ಟಡದ ಮೂಲೆಯನ್ನು ಸುತ್ತಿದರು. ಅಲ್ಲಿ ಜಗಲಿಯ ಮೇಲೆ ಕೊಡಗಳು ಸಾಲಾಗಿದ್ದವು. ಕೊಡಗಳ ಪಕ್ಕದಲ್ಲಿ ಅತ್ತೆಯೂ ಊರಿನ ಕೆಲವು ಹೆಣ್ಣುಮಕ್ಕಳೂ ತಲೆಯ ಮೇಲೆ ಸೆರಗು ಎಳೆದುಕೊಂಡು ಕುಳಿತಿದ್ದರು. ಯಾರೂ ಏಳಲಿಲ್ಲ. ಸಾಹೇಬರು ಕಣ್ಣು ತಗ್ಗಿಸಿ, ಅಲ್ಲಿಂದಲೇ ಹಿಂದಕ್ಕೆ ತಿರುಗಿ, ಒಳಗೆ ಬಂದರು. ಸಹಿ ಮಾಡಲು ಪೇಶ್ಕಾರರ ಕಡೆ ಕೈ ಚಾಚಿದರು. ಲೇಖನಿ ಬರುವವರೆಗೆ ನನ್ನ ಹತ್ತಿರ ಬಂದು, ಬಹಳ ಮೆಲ್ಲಗೆ, “ಮಾಸ್ತರ್ ಸಾಹೇಬ್, ನಿಮ್ಮ ದನಿ ಹೊರಗ ಸಣ್ಣಾಗಿ ಕೇಳಸ್ತದ. ಇನ್ನಷ್ಟು ಜೋರಿನಿಂದ ಹೇಳಿಕೊಡ್ರಿ,” ಎಂದರು.

ನಾನು ಕಿಟಕಿಯ ಕಡೆಗೆ ಮುಖ ಮಾಡಿ ನಿಂತು, ದನಿಯೇರಿಸಿ, ಪಾಠವನ್ನು ಮೊದಲಿನಿಂದ ಆರಂಭಿಸಿದೆ. ಹೊರಗೆ ಬಳೆಗಳ ಸದ್ದು ನಿಂತಿತು. ಅಂದು ಫಸಲಿ ೧೩೩೨, ಅಮರ್ದಾದ್ ತಿಂಗಳ ಹದಿನಾಲ್ಕನೆಯ ತಾರೀಖು.